ಮಿತ್ರಾ ಫಾರ್ಮ್ಯಾಟ್

ಮೇ 14, ಬುಧವಾರ

ಅರ್ಜಿಯ ಹದಿನಾರು ಕಲಮು ಹತ್ತು ನಿಮಿಷದಲ್ಲಿ ಮುಗಿಯಿತು. ಹೆಸರು ಸಂಘಮಿತ್ರಾ, ತಂದೆ ಉಗ್ರಪ್ಪ, ತಾಯಿ ಅಂಜನಮ್ಮ, ವಾಸ ಹೆಗ್ಗನಹಳ್ಳಿ, ಪಿಯುಸಿ ಮುಗಿಸಿದ್ದು 2021, ಕೇಳುತ್ತಿರುವುದು ಬಿ.ಎಸ್ಸಿ. ಸಂಖ್ಯಾಶಾಸ್ತ್ರ. ಹದಿನೇಳನೆಯದಕ್ಕೆ ಬಂದು ಪೆನ್ನು ನಿಂತಿತು. 'ವಿದ್ಯಾಭ್ಯಾಸದಲ್ಲಿ ಅಂತರವಿದ್ದಲ್ಲಿ ಕಾರಣವನ್ನು ಪ್ರತ್ಯೇಕ ಹಾಳೆಯಲ್ಲಿ ವಿವರಿಸಿ.' ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ನಾಲ್ಕು ವರ್ಷ ಮೀರಿದ ಅಂತರವಿದ್ದರೆ ಅರ್ಜಿಯನ್ನೇ ಪರಿಗಣಿಸುವುದಿಲ್ಲ ಎಂದಿದೆ. ನನ್ನದು ಸರಿಯಾಗಿ ನಾಲ್ಕು. ಕೆಂಗೇರಿ ಆಚೆಯ ಈ ವಿಶ್ವವಿದ್ಯಾಲಯದಲ್ಲಿ ಮಾತ್ರ ನಮ್ಮಂಥವರಿಗೆ ಪೂರ್ತಿ ಫೀಸು ಮಾಫಿ. ಈ ಸಲ ಸಿಗಲಿಲ್ಲವೆಂದರೆ ಇನ್ನು ಯಾವತ್ತೂ ಇಲ್ಲ.

ಕಾರಣ ಏನೆಂದು ನಮ್ಮ ಬೀದಿಯವರನ್ನು ಕೇಳಿದರೆ ಥಟ್ಟನೆ ಹೇಳುತ್ತಾರೆ. ಅಪ್ಪ ನಾಲ್ಕು ವರ್ಷದ ಹಿಂದೆಯೇ ಸಾರಿಬಿಟ್ಟಿದ್ದಾರಲ್ಲ, "ಮಗಳು ಕೆಎಎಸ್‌ಗೆ ಓದ್ತಾ ಇದಾಳೆ, ಅದಕ್ಕೇ ಹೊರಗೆ ಬರಲ್ಲ" ಎಂದು. ಡಿಗ್ರಿ ಇಲ್ಲದವರು ಕೆಎಎಸ್ ಬರೆಯುವಂತಿಲ್ಲ ಎಂಬುದು ಇಲ್ಲಿ ಯಾರಿಗೂ ಹೊಳೆದಿಲ್ಲ, ಅಪ್ಪನಿಗೂ. ಹಾಲಿನಂಗಡಿಯವನು ಈಗಲೂ ನನ್ನನ್ನು "ಏನು ತಹಶೀಲ್ದಾರ್ ಮೇಡಂ" ಎನ್ನುತ್ತಾನೆ. ನಾನು ಗಂಭೀರವಾಗಿ ತಲೆಯಾಡಿಸಿ ಅರ್ಧ ಲೀಟರ್ ತರುತ್ತೇನೆ.

ನಿಜ ಸಂಗತಿಯನ್ನು ಇವತ್ತಿನವರೆಗೆ ಎಲ್ಲೂ ಬರೆದಿಲ್ಲ, ಇಲ್ಲಿ ಕೂಡ. 2021ರ ಮೇನಲ್ಲಿ ಮಾಗಡಿಯ ಮಾಮ ಕೊರೋನಾದಲ್ಲಿ ಹೋದರು. ಅಮ್ಮನಿಗೆ ತಮ್ಮನ ಮುಖ ನೋಡುವುದಕ್ಕೂ ಸಿಗಲಿಲ್ಲ. ಅದಾದ ಎರಡು ತಿಂಗಳಿಗೆ ಅವಳು ಮನೆಯಿಂದ ಎದ್ದು ಹೋಗಿ ಸುಂಕದಕಟ್ಟೆ ಬಸ್ ಸ್ಟಾಪಿನಲ್ಲಿ ನಿಂತು, ಮಾಗಡಿಯಿಂದ ಬರುವ ಬಸ್ಸುಗಳಿಗೆಲ್ಲ ಕೈ ಅಡ್ಡ ಹಾಕತೊಡಗಿದಳು. ತಮ್ಮ ಇಳಿಯುತ್ತಾನೆ ಎಂದು. ಅಪ್ಪ ಪೀಣ್ಯದ ಕಾರ್ಖಾನೆಗೆ ಹೋಗಲೇಬೇಕು. ಉಳಿದವಳು ನಾನು.

ಈಗ ಒಂದೂವರೆ ವರ್ಷದಿಂದ ಅಮ್ಮ ಚೆನ್ನಾಗಿದ್ದಾಳೆ. ಹೇಗೆ ಬರೆಯಲಿ ಇದನ್ನು?

ಮೇ 17, ಶನಿವಾರ

ಬರೆದಾಯಿತು. ಸ್ಪಂದನ ಇಲ್ಲದಿದ್ದರೆ ಆಗುತ್ತಿರಲಿಲ್ಲ.

ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವಳು. ನಮ್ಮ ಮನೆಯ ವಿಷಯ ಹೊರಗಿನವರಲ್ಲಿ ಗೊತ್ತಿರುವುದು ಅವಳೊಬ್ಬಳಿಗೇ. ಬಿ.ಕಾಂ. ಮುಗಿಸಿ ಈಗ ಸುಂಕದಕಟ್ಟೆಯಲ್ಲಿ ಚಿಕ್ಕಪ್ಪನ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ನೋಡಿಕೊಳ್ಳುತ್ತಾಳೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅರ್ಧ ಷಟರ್ ಎಳೆದು ಕೂತೆವು. ನಾನು ಹೇಳುತ್ತಾ ಹೋದೆ, ಅವಳು ಟೈಪ್ ಮಾಡುತ್ತಾ ಹೋದಳು. ಬಸ್ ಸ್ಟಾಪಿನದು ಹೇಳಿದೆ. ಮಧ್ಯಾಹ್ನ ಮಾತ್ರೆ ನುಂಗಿ ಅಮ್ಮ ಮಲಗಿದಾಗ ಅವಳ ಸೆರಗಿನ ತುದಿಯನ್ನು ನನ್ನ ಕೈಗೆ ಕಟ್ಟಿಕೊಂಡು ಪಕ್ಕದಲ್ಲಿ ಮಲಗುತ್ತಿದ್ದದ್ದು ಹೇಳಿದೆ, ಅವಳು ಎದ್ದರೆ ನನಗೆ ಎಚ್ಚರವಾಗಲಿ ಎಂದು. ಸ್ಪಂದನಳ ಕೈ ಕೀಬೋರ್ಡಿನ ಮೇಲೆ ನಿಂತುಹೋಯಿತು. ಮೂಗು ಒರೆಸಿಕೊಂಡಳು.

ಕ್ಯಾಲೆಂಡರಿನ ವಿಷಯವನ್ನೂ ಹೇಳಿದ್ದೆ. ನಾಲ್ಕು ವರ್ಷ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕಿದ್ದೆ: ಅಮ್ಮ ಚೆನ್ನಾಗಿದ್ದ ದಿನ ಸೊನ್ನೆ, ಊಟ ಬಿಟ್ಟ ದಿನ ಅಡ್ಡಗೀಟು, ಬಾಗಿಲು ದಾಟಿ ಹೋದ ದಿನ ಚುಕ್ಕೆ. ಅಡ್ಡಗೀಟು ಬಿದ್ದ ಎರಡನೆಯ ದಿನಕ್ಕೆ ಚುಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿ ಡಾಕ್ಟರಿಗೆ ಹೇಳಿದ್ದು ನಾನೇ. ಅದನ್ನು ನೋಡಿಯೇ ಅವರು ಮಾತ್ರೆ ಬದಲಿಸಿದ್ದು, ಅಮ್ಮ ಸುಧಾರಿಸಿದ್ದು.

"ಇದು ತೆಗ್ದುಬಿಡ್ಲಾ? ಓದೋರಿಗೆ ಬೋರ್ ಹೊಡ್ಯುತ್ತೆ ಕಣೇ. ಸೆರಗಿಂದು ಸಾಕು. ಅದನ್ನ ಓದಿದ್ರೆ ಎಂಥೋರೂ ಕರಗ್ತಾರೆ" ಎಂದಳು ಸ್ಪಂದನ. ಅವಳಿಗೆ ಇಂಥದ್ದೆಲ್ಲ ಚೆನ್ನಾಗಿ ಗೊತ್ತು. ತೆಗೆಸಿದೆ.

"ಪ್ರಿಂಟ್ ಆದ ತಕ್ಷಣ ಡಿಲೀಟ್ ಮಾಡ್ಬಿಡೇ. ಅಪ್ಪಂಗೆ ಗೊತ್ತಾದ್ರೆ ನನ್ನ ಸಿಗಿದುಹಾಕ್ತಾರೆ."

"ನನ್ಮೇಲೆ ನಂಬಿಕೆ ಇಲ್ವೇನೇ ನಿಂಗೆ?"

ಅವಳ ಮೇಲಿಲ್ಲದಿದ್ದರೆ ಇನ್ನು ಯಾರ ಮೇಲೆ?

ಬರುವಾಗ ಅಮ್ಮನಿಗೆ ಇಷ್ಟದ ಹೀರೇಕಾಯಿ ತಂದು ಬಜ್ಜಿ ಕರಿದೆ. ಅಪ್ಪನಿಗೆ ಖಾರ ಹೆಚ್ಚಾಯಿತಂತೆ. ನಾಳೆ ಕಡಿಮೆ ಹಾಕಬೇಕು.

ಮೇ 19, ಸೋಮವಾರ

ನೋಟರಿ ಹತ್ತಿರ ಛಾಪಾ ಕಾಗದದ ಪ್ರಮಾಣಪತ್ರ ಮಾಡಿಸಿಯಾಯಿತು. ಅದಕ್ಕೆ ಅವರದೇ ಒಂದು ಸಿದ್ಧ ವಾಕ್ಯ: 'ಸದರಿ ಅವಧಿಯಲ್ಲಿ ನಾನು ಯಾವುದೇ ವಿದ್ಯಾಸಂಸ್ಥೆಗೆ ಸೇರಿರುವುದಿಲ್ಲ, ಯಾವುದೇ ಕೆಲಸದಲ್ಲಿ ತೊಡಗಿರುವುದಿಲ್ಲ, ಮನೆಯಲ್ಲಿಯೇ ಇದ್ದೆನು.'

"ಸುಮ್ನೆ ಮನೇಲಿದ್ರಿ ತಾನೇ?" ಎಂದು ಮುದ್ರೆ ಒತ್ತುತ್ತಾ ಕೇಳಿದರು.

"ಹೂಂ ಸಾರ್. ಸುಮ್ನೆ."

ಅರ್ಜಿ ಹಾಕಿರುವುದು ಅಮ್ಮನಿಗೆ ಗೊತ್ತು. ಹಾಳೆಯಲ್ಲಿ ಏನಿದೆಯೆಂದು ಗೊತ್ತಿಲ್ಲ. ಗೊತ್ತಾಗಬೇಕಾದ್ದೂ ಇಲ್ಲ, ಸುಮ್ಮನೆ ನೊಂದುಕೊಳ್ಳುತ್ತಾಳೆ.

ಜೂನ್ 11, ಬುಧವಾರ

ಸಂದರ್ಶನ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಮೇಜಿನಾಚೆ ಇಬ್ಬರು. ರವಿಕುಮಾರ್ ಸರ್, ಮತ್ತೆ ಶೈಲಾ ಮೇಡಂ. ಮೇಡಂ ಧಾರವಾಡದ ಕಡೆಯವರು, ಬಾಗಿಲಲ್ಲೇ "ಬಾರವಾ, ಕೂಡು" ಎಂದಾಗ ಎದೆ ಹಗುರವಾಗಿತ್ತು. ಅಂಕಪಟ್ಟಿ ನೋಡಿದರು. ಆಮೇಲೆ ರವಿಕುಮಾರ್ ಸರ್ ನನ್ನ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಅದರ ಪಕ್ಕಕ್ಕೆ ಇನ್ನೊಂದು ಇಟ್ಟರು. ಇನ್ನೊಂದು. ಇಸ್ಪೀಟು ಹಂಚಿದ ಹಾಗೆ ಒಟ್ಟು ಐದು.

"ನೋಡಮ್ಮ, ಈ ವಾರದಲ್ಲಿ ಈ ಕಥೆನ ಐದನೇ ಸಲ ಓದ್ತಾ ಇದೀನಿ" ಎಂದರು.

ಐದರಲ್ಲೂ ಅದೇ ಬಸ್ ಸ್ಟಾಪು, ಅದೇ ಮಧ್ಯಾಹ್ನ, ಅದೇ ಮಾತ್ರೆ. ಒಂದರಲ್ಲಿ ಮಾಮನ ಬದಲು ಅಣ್ಣ ಸತ್ತಿದ್ದ. ಇನ್ನೊಂದರಲ್ಲಿ ಬಸ್ ಸ್ಟಾಪು ಚಂದ್ರಾ ಲೇಔಟಿಗೆ ಹೋಗಿತ್ತು. ಯಾರೋ ಒಬ್ಬನಿಗೆ ಕಾಯಿಲೆ ತಾಯಿಗಲ್ಲ, ತಂದೆಗೆ ಬೇಕಾಗಿತ್ತಂತೆ. ತಾಯಿ ಎಂದಿದ್ದಲ್ಲೆಲ್ಲ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ತಂದೆ ಎಂದು ಬದಲಿಸಿದ್ದಾರೆ. ಹಾಗಾಗಿ 'ನನ್ನ ತಂದೆಯ ಸೆರಗನ್ನು ಕೈಗೆ ಕಟ್ಟಿಕೊಂಡು ಮಲಗುತ್ತಿದ್ದೆ.'

ರವಿಕುಮಾರ್ ಸರ್ ಅದನ್ನು ಗಟ್ಟಿಯಾಗಿ ಓದಿ ನಕ್ಕರು. ಒಂದು ಕ್ಷಣ ನನಗೂ ನಗು ಬಂದುಬಿಟ್ಟಿತು. ಆ ನಗುವಿಗಾಗಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು.

"ಇದರಾಗ ಖರೇ ಯಾರದವಾ?" ಎಂದು ಮೇಡಂ ಕೇಳಿದರು.

"ನಂದು ಮೇಡಂ."

"ಉಳದ ನಾಲ್ಕು ಮಂದೀನೂ ಹಂಗ ಅಂದಾರ."

ನನ್ನ ಅಮ್ಮ, ನನ್ನ ಮಾಮ, ನನ್ನ ಮಧ್ಯಾಹ್ನಗಳು, ಅವು ನನ್ನವೇ ಎಂದು ಹೇಗೆ ಸಾಬೀತು ಮಾಡುವುದು? ಕೊನೆಗೆ ಮೇಡಂ 23ನೇ ತಾರೀಖಿನವರೆಗೆ ಸಮಯ ಕೊಟ್ಟರು. ಆಸ್ಪತ್ರೆಯ ಕಾಗದವಾಗಲಿ, ಬೇರೆ ಯಾವ ಸಾಕ್ಷಿಯಾಗಲಿ ತರಬೇಕು, ಇಲ್ಲವಾದರೆ ಐದೂ ಅರ್ಜಿ ರದ್ದು. ಆಸ್ಪತ್ರೆಯ ಫೈಲು ಅಪ್ಪನ ಬೀರುವಿನಲ್ಲಿ ಬೀಗದೊಳಗಿದೆ. ಕೊಡು ಎಂದರೆ ಯಾಕೆಂದು ಹೇಳಬೇಕು.

ಮೆಟ್ರೊದಲ್ಲಿ ಬರುವಾಗ ಒಂದೇ ಯೋಚನೆ. ಆ ಹಾಳೆ ಇದ್ದದ್ದು ಒಂದೇ ಕಡೆ.

ಜೂನ್ 12, ಗುರುವಾರ

ಊಟ ಸೇರಲಿಲ್ಲ. ಹೊಟ್ಟೆನೋವು ಎಂದೆ.

ಅಮ್ಮ ಅಡುಗೆಮನೆಯ ಬಾಗಿಲ ಹಿಂದೆ ಕ್ಯಾಲೆಂಡರಿನ ಮುಂದೆ ಪೆನ್ನು ಹಿಡಿದು ನಿಂತಿದ್ದಳು. ಏನೆಂದು ಕೇಳಿದರೆ "ನೀರು ಬಿಟ್ಟ ದಿನ ಗುರ್ತು ಹಾಕ್ತಿದೀನಿ" ಎಂದಳು. ಹಾಕಲಿ, ಯಾರಿಗಾದರೂ ನೆನಪಿರಲಿ.

ಜೂನ್ 13, ಶುಕ್ರವಾರ

ಅಂಗಡಿಗೆ ಹೋದೆ. ಸ್ಪಂದನ ನನ್ನನ್ನು ನೋಡಿ "ಏನಾಯ್ತೇ ಇಂಟರ್‌ವ್ಯೂ?" ಎಂದು ನಗುತ್ತಾ ಸ್ಟೂಲು ಎಳೆದಳು. ನಾನು ಬಾಯಿ ತೆರೆಯುವ ಮೊದಲೇ ಊಟ ತಲುಪಿಸುವ ಹುಡುಗನೊಬ್ಬ ಬೈಕ್ ನಿಲ್ಲಿಸಿ, ಹೆಗಲ ಮೇಲಿನ ದೊಡ್ಡ ಚೀಲದ ಸಮೇತ ಒಳಗೆ ಬಂದ.

"ಅಕ್ಕಾರ, ನಾ ಅಮರೇಶ, ನಿನ್ನೆ ಫೋನ್ ಮಾಡಿದ್ನೆಲ್ರೀ. ಆ ಮಿತ್ರಾ ಫಾರ್ಮ್ಯಾಟ್ ಐತಂತಲ್ಲ, ಅದ್ರಾಗ ನನ್ನ ಹೆಸರ ಹಾಕಿ ಕೊಡ್ರಿ."

ಮಿತ್ರಾ ಫಾರ್ಮ್ಯಾಟ್.

ಸ್ಪಂದನಳ ಮುಖ ಸುಣ್ಣವಾಯಿತು. "ಆಮೇಲೆ ಬಾರಣ್ಣ" ಎಂದು ಅವನನ್ನು ಸಾಗಹಾಕಿದಳು.

"ಡಿಲೀಟ್ ಮಾಡ್ತೀನಿ ಅಂದಿದ್ದೆ" ಎಂದೆ.

"ಮಾಡೋಣ ಅಂತಾನೇ ಇದ್ದೆ ಕಣೇ. ಮಾರನೇ ದಿನ ಒಬ್ಳು ಬಂದು ಅಳ್ತಾ ಕೂತ್ಲು, ಏನ್ ಬರೀಬೇಕೋ ಗೊತ್ತಾಗ್ತಿಲ್ಲ ಅಂತ. ಮಾದರಿಗೆ ಇರ್ಲಿ ಅಂತ ತೋರಿಸ್ದೆ. ಅವಳು ಇದನ್ನೇ ಕೊಡಿ ಅಂದ್ಲು. ಆಮೇಲೆ ಒಬ್ರಿಂದ ಒಬ್ರು ಕೇಳ್ಕೊಂಡು ಬಂದ್ರು. ನಿನ್ ಹೆಸರು ತೆಗ್ದೇ ಕೊಟ್ಟಿದೀನಿ, ನನ್ನಾಣೆ."

"ಫೈಲಿನ ಹೆಸರು?"

ಪರದೆಯ ಮೇಲೆ ನಾನೇ ನೋಡಿದೆ. ಬಾಡಿಗೆ ಕರಾರು, ರಜಾ ಅರ್ಜಿ, ಜಾತಕ, ಮಿತ್ರಾ ಗ್ಯಾಪ್. ಸಾಲಾಗಿ.

"ಎಷ್ಟು ಜನಕ್ಕೆ ಕೊಟ್ಟೆ?"

"ಹನ್ನೊಂದೋ, ಹನ್ನೆರಡೋ... ಎಲ್ಲಾದಕ್ಕೂ ಫಾರ್ಮ್ಯಾಟ್ ಇರುತ್ತಲ್ಲ ಕಣೇ, ಹಂಗೇ ಇದೂ ಒಂದು ಅಂದ್ಕೊಂಡೆ. ನೀನೆಷ್ಟು ಚೆನ್ನಾಗಿ ಹೇಳಿದ್ದೆ ಗೊತ್ತಾ? ಅವ್ರಿಗೆ ಹಂಗೆ ಹೇಳೋಕೆ ಬರಲ್ಲ."

"ಅದು ನಂದು. ನನ್ನ ನಾಲ್ಕು ವರ್ಷ. ನನ್ನನ್ನ ಒಂದು ಮಾತು ಕೇಳ್ಬೋದಾಗಿತ್ತಲ್ಲ?"

ಅತ್ತಳು. ಅವತ್ತು ನನ್ನ ಮಾತು ಕೇಳಿ ಅತ್ತ ಹಾಗೆಯೇ ಅತ್ತಳು, ಮೂಗು ಕೂಡ ಹಾಗೆಯೇ ಒರೆಸಿಕೊಂಡಳು. ಅವತ್ತಿನದು ನಿಜವೋ ಇವತ್ತಿನದು ನಿಜವೋ ನನಗೆ ತಿಳಿಯಲಿಲ್ಲ. ಬೀದಿಯ ಯಾರೋ ಹೀಗೆ ಮಾಡಿದ್ದರೆ ಬೈದು ಮರೆಯುತ್ತಿದ್ದೆ. ಇವಳು ನಂಬಿಸಿ ಕತ್ತು ಕೊಯ್ದಳು. ನಾನು ಹತ್ತಿರ ಕರೆದು ಗುಟ್ಟಿನಲ್ಲಿ ಹೇಳಿದ್ದನ್ನು ಗಾಜಿನ ಕಪಾಟಿನಲ್ಲಿ ರಬ್ಬರು ಪೆನ್ಸಿಲಿನ ಜೊತೆ ಇಟ್ಟು ಹಂಚಿದಳು. ಇವಳ ಮನೆ ಹೊಸ್ತಿಲು ಇನ್ನು ತುಳಿಯುವುದಿಲ್ಲ.

ಇವತ್ತೂ ಊಟ ಬೇಡವಾಯಿತು.

ಜೂನ್ 15, ಭಾನುವಾರ

ಆಗಬಾರದ್ದು ಆಯಿತು.

ಬೆಳಗ್ಗೆ, ಹೋದ ವರ್ಷ ಮೇಲ್ಮನೆಗೆ ಬಾಡಿಗೆಗೆ ಬಂದ ಬಸವರಾಜೇಶ್ವರಿ ಆಂಟಿ ಒಂದು ಕಾಗದ ಬೀಸುತ್ತಾ ಇಳಿದುಬಂದರು. ಅಮ್ಮ ಹಾಲ್‌ನಲ್ಲಿ ಹುರುಳಿಕಾಯಿ ಮುರಿಯುತ್ತಿದ್ದಳು.

"ಅಂಜನಮ್ಮ, ನಮ್ಮ ಸಂಪತ್ ಮಾಡಿರೋ ಘನಂದಾರಿ ಕೆಲಸ ನೋಡಿ ಇಲ್ಲಿ! ಎರಡು ವರ್ಷ ಕ್ರಿಕೆಟ್ ಆಡ್ಕೊಂಡು ತಿರುಗಿದೋನು, ಕಾಲೇಜಿನೋರು ಕೇಳಿದ್ರೆ ಅವ್ರಮ್ಮಂಗೆ ಬುದ್ಧಿ ಸ್ಥಿಮಿತ ಇರ್ಲಿಲ್ಲ ಅಂತ ಬರ್ಸ್ಕೊಂಡು ಬಂದಿದಾನೆ. ನಂಗೆ! ನಾನು ಬಸ್ಸಿಗೆಲ್ಲ ಕೈ ಅಡ್ಡ ಹಾಕ್ತಿದ್ನಂತೆ ರೀ!"

ಕಾಗದವನ್ನು ಅಮ್ಮನ ಮಡಿಲಿಗೆ ಹಾಕಿದರು. ಅಮ್ಮ ಕೈ ಒರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡಳು. ಹಾರಿಹೋಗಿ ಕಿತ್ತುಕೊಳ್ಳಬೇಕು ಎನಿಸಿತು, ಕಿತ್ತುಕೊಳ್ಳಲಿಲ್ಲ. ಅವಳು ನಿಧಾನವಾಗಿ ಓದುವವಳು. ತುಟಿ ಅಲುಗಿಸುತ್ತಾ ಮೇಲಿನಿಂದ ಕೆಳಗಿನವರೆಗೆ ಓದಿದಳು. ಒಂದು ಸಾಲಿನ ಹತ್ತಿರ ತುಟಿ ನಿಂತಿತು. ಯಾವ ಸಾಲೆಂದು ನನಗೆ ಗೊತ್ತು.

ಓದಿ ಮುಗಿಸಿ ಇದ್ದ ಗೆರೆಯಲ್ಲೇ ಮಡಚಿ ವಾಪಸ್ಸು ಕೊಟ್ಟಳು.

"ಚೆನ್ನಾಗಿ ಬರ್ದಿದಾರೆ. ಯಾರು ಬರ್ದಿದ್ದು?"

"ಯಾವ್ದೋ ಅಂಗ್ಡೀಲಿ ಸಿಗುತ್ತಂತೆ."

"ಹುಡುಗನ್ನ ಹೊಡ್ಯೋಕೆ ಹೋಗ್ಬೇಡಿ. ಕೂತ್ಕೊಳಿ, ಕಾಫಿ ಮಾಡ್ತೀನಿ."

ಆಂಟಿ ಕಾಫಿ ಕುಡಿದು, ಮಗನಿಗೆ ಇನ್ನೆರಡು ಬೈದು ಮೇಲೆ ಹೋದರು. ಅಮ್ಮ ಮತ್ತೆ ಹುರುಳಿಕಾಯಿ ಮುರಿಯಲು ಕೂತಳು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಜೂನ್ 16, ಸೋಮವಾರ

ಅಮ್ಮ ಬಡಿಸಿಟ್ಟು ಹೋಗಿ ಮಲಗಿದಳು. ನಾನು ತಟ್ಟೆ ಹಾಗೇ ಮುಚ್ಚಿಟ್ಟೆ.

ಜೂನ್ 18, ಬುಧವಾರ

ಟೆರೇಸಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಅಮ್ಮ ಕೇಳಿದಳು.

"ಅದು ನೀನು ಬರ್ದಿದ್ದಲ್ವಾ?"

ಹೂಂ ಎಂದೆ. ಒಂದು ಸಲ ಹೂಂ ಎಂದಮೇಲೆ ಎಲ್ಲ ಕಕ್ಕಿಬಿಟ್ಟೆ. ಐದು ಹಾಳೆ, ತಂದೆಯ ಸೆರಗು, ಮಿತ್ರಾ ಫಾರ್ಮ್ಯಾಟ್, ಸ್ಪಂದನಳ ದ್ರೋಹ. ಅಮ್ಮ ಅಪ್ಪನ ಅಂಗಿ ಮಡಚುತ್ತಾ ಪೂರ್ತಿ ಕೇಳಿಸಿಕೊಂಡಳು. ಅಯ್ಯೋ ಪಾಪ ಎನ್ನುತ್ತಾಳೆ, ತಲೆ ನೇವರಿಸುತ್ತಾಳೆ ಎಂದುಕೊಂಡಿದ್ದೆ.

"ಅವಳು ನಿನ್ನ ಕೇಳ್ಲಿಲ್ಲ, ತಪ್ಪು. ನೀನು ನನ್ನನ್ನ ಒಂದು ಮಾತು ಕೇಳ್ಬೋದಾಗಿತ್ತಲ್ಲ ಮಿತ್ರಾ" ಎಂದಳು.

ಮೈಯೆಲ್ಲ ಉರಿದುಹೋಯಿತು. "ಏನಂತ ಕೇಳ್ಬೇಕಿತ್ತು? ಅಮ್ಮ, ನಿಂಗೆ ತಲೆ ಸರಿ ಇರ್ಲಿಲ್ಲ ಅಂತ ಬರೀಲಾ, ಅಂತಾನಾ?"

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅಮ್ಮ ಅಂಗಿಯ ಗುಂಡಿ ಹಾಕಿದಳು.

"ಹೂಂ. ಹಂಗೇ ಕೇಳ್ಬೇಕಿತ್ತು."

ಬಟ್ಟೆ ಎತ್ತಿಕೊಂಡು ಇಳಿದು ಹೋದಳು.

ನನಗೆ ಇನ್ನೂ ಕೋಪ ಇಳಿದಿಲ್ಲ. ನಾಲ್ಕು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವಳು ನಾನು. ಬಸ್ ಸ್ಟಾಪಿನಿಂದ ಕೈ ಹಿಡಿದು ಕರೆತಂದವಳು ನಾನು. ಸ್ಪಂದನ ಮಾಡಿದ್ದೂ ನಾನು ಮಾಡಿದ್ದೂ ಒಂದೇ ಹೇಗಾಗುತ್ತದೆ? ಒಂದೇ ಅಲ್ಲ. ಮನೆಯಲ್ಲಿ ಕೂ‌ಡ ನನ್ನ ಪರವಾಗಿ ಒಬ್ಬರೂ ಇಲ್ಲ.

ಒಂದೇ ಅಲ್ಲವೇ ಅಲ್ಲ.

ಜೂನ್ 20, ಶುಕ್ರವಾರ

ಬೆಳಗ್ಗೆ ಅಪ್ಪ ಹೋದಮೇಲೆ ಅಮ್ಮನ ಮುಂದೆ ಒಂದು ಖಾಲಿ ಹಾಳೆ ಇಟ್ಟುಕೊಂಡು ಕೂತೆ. ಸೋಮವಾರ ಅಲ್ಲಿಗೆ ಹೋಗಲೇಬೇಕು, ಬೇರೆ ದಾರಿಯಿರಲಿಲ್ಲ.

"ಏನ್ ಬರೀಲಿ?" ಎಂದೆ.

ಅಮ್ಮ ಹಾಳೆಯನ್ನು ನನ್ನ ಕಡೆ ಸರಿಸಿದಳು. "ತಮ್ಮ ಹೋಗಿದ್ದು ಬರಿ. ಅವನ ಹೆಸರು ಹಾಕು, ಜಂಬಣ್ಣ ಅಂತ. ಆ ಹಾಳೇಲಿ ಅವನ ಹೆಸರೇ ಇರ್ಲಿಲ್ಲ."

"ಬಸ್ ಸ್ಟಾಪು?"

"ಅದನ್ನ ರೋಡಲ್ಲಿ ಹೋಗೋರೆಲ್ಲ ನೋಡಿದಾರೆ. ಬರ್ಕೋ."

"ಸೆರಗು?"

"ಅದು ಬೇಡ. ಅದು ನಮ್ಮಿಬ್ರದ್ದು."

ಅದನ್ನು ಬಿಟ್ಟೆ. ಅಷ್ಟರಲ್ಲಿ ಅವಳು ಸ್ಟೂಲು ಹತ್ತಿ ಅಟ್ಟದಿಂದ ಒಂದು ಸೀರೆಯ ಗಂಟು ಇಳಿಸಿದಳು. ಒಳಗೆ ಸುರುಳಿ ಸುತ್ತಿದ ನಾಲ್ಕು ಕ್ಯಾಲೆಂಡರು. ರದ್ದಿಗೆ ಹಾಕಿ ಎಂದು ಅಪ್ಪ ಹೇಳಿದ್ದರು, ಹೋಗಿರಬೇಕು ಎಂದೇ ನಾನು ತಿಳಿದಿದ್ದೆ.

"ಅಡ್ಡಗೀಟು ಅಂದ್ರೆ ಊಟ ಬಿಟ್ಟ ದಿನ" ಎಂದಳು. "ನೀನು ಸ್ನಾನಕ್ಕೆ ಹೋದಾಗ ಬಂದು ನೋಡ್ತಿದ್ದೆ. ಚುಕ್ಕೆ ಇಲ್ಲದೇ ಇದ್ರೆ, ಬಾಗಿಲು ದಾಟಿಲ್ಲ ಅಂತ ಸಮಾಧಾನ ಆಗ್ತಿತ್ತು. ಇದನ್ನ ತಗೊಂಡು ಹೋಗು."

"ಅಪ್ಪ?"

"ನಿಮ್ಮಪ್ಪಂಗೆ ನಾನು ಹೇಳ್ತೀನಿ. ಕಾಯಿಲೆ ಬಂದಿದ್ದು ನಂಗಲ್ವಾ?"

ಇವತ್ತು ಎರಡು ತಟ್ಟೆ ಅನ್ನ ಉಂಡೆ.

ಜೂನ್ 23, ಸೋಮವಾರ

ಅಮ್ಮ ಜೊತೆಗೆ ಬಂದಳು. ಮೆಟ್ರೊದಲ್ಲಿ ಕಿಟಕಿ ಪಕ್ಕ ಕೂತು ಕೆಂಗೇರಿಯವರೆಗೂ ಹೊರಗೆ ನೋಡಿದಳು. ವಿಶ್ವವಿದ್ಯಾಲಯದಲ್ಲಿ ಕೋಣೆಯ ಹೊರಗಿನ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. "ಕರೆದ್ರೆ ಬರ್ತೀನಿ" ಎಂದಳು.

ಒಳಗೆ ಶೈಲಾ ಮೇಡಂ ಒಂದು ಬಿಳಿ ಹಾಳೆ ಕೊಟ್ಟು ಅಲ್ಲೇ ಬರೆಯಲು ಹೇಳಿದರು. ನಾನು ಬರೆದದ್ದು ಇಷ್ಟೇ:

'2021ರಲ್ಲಿ ನನ್ನ ಸೋದರಮಾವ ಜಂಬಣ್ಣ ತೀರಿಕೊಂಡರು. ಆಮೇಲೆ ನನ್ನ ತಾಯಿ ಅಂಜನಮ್ಮನಿಗೆ ಮನಸ್ಸಿನ ಕಾಯಿಲೆ ಬಂತು. ಅವರು ಬಸ್ ಸ್ಟಾಪಿಗೆ ಹೋಗಿ ತಮ್ಮನಿಗಾಗಿ ಕಾಯುತ್ತಿದ್ದರು. ನಾಲ್ಕು ವರ್ಷ ನಾನು ಅವರನ್ನು ನೋಡಿಕೊಂಡೆ. ಯಾವ ಕೆಲಸವನ್ನೂ ಮಾಡಿಲ್ಲ ಎಂದು ಪ್ರಮಾಣಪತ್ರದಲ್ಲಿ ಇರುವುದು ತಪ್ಪು. ನಾನು ಮಾಡಿದ ಕೆಲಸ ಈ ಕ್ಯಾಲೆಂಡರುಗಳಲ್ಲಿದೆ. ಇದನ್ನು ನನ್ನ ತಾಯಿಯನ್ನು ಕೇಳಿ ಬರೆದಿದ್ದೇನೆ.'

ಕ್ಯಾಲೆಂಡರುಗಳನ್ನು ಬಿಚ್ಚಿ ಮೇಜಿನ ಮೇಲೆ ಹರಡಿದೆ. ಅವು ಮತ್ತೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿದ್ದವು. ರವಿಕುಮಾರ್ ಸರ್ ಎದ್ದು ಬಂದು ಒಂದು ತುದಿಯನ್ನು ಕೈಯಿಂದ ಒತ್ತಿ ಹಿಡಿದರು. ಮೇಡಂ ಬೆರಳಿಟ್ಟುಕೊಂಡು ತಿಂಗಳು ತಿಂಗಳು ನೋಡಿದರು.

"ಊಟಾ ಬಿಟ್ಟ ಎರಡನೇ ದಿನಕ್ಕ ಹೊರಗ ಹೋಗ್ತಾರಂತ ಹೆಂಗ ಗೊತ್ತಾತು?"

"ಎಣಿಸ್ದೆ ಮೇಡಂ. ಮೊದಲ ವರ್ಷದಲ್ಲಿ ಮೂವತ್ತೊಂದು ಸಲ ಹೊರಗೆ ಹೋಗಿದ್ರು. ಅದ್ರಲ್ಲಿ ಇಪ್ಪತ್ತಾರು ಸಲ ಹಂಗೇ ಆಗಿತ್ತು."

"ಉಳದ ಐದು?"

"ಅವು ಭಾನುವಾರ ಮೇಡಂ. ಮಾಮ ಬರ್ತಿದ್ದಿದ್ದು ಭಾನುವಾರ."

ಆಮೇಲೆ ರವಿಕುಮಾರ್ ಸರ್ ಹಾಳೆ ಓದಿ, "ಆ ಸೆರಗಿನ ವಿಷಯ ಇದರಲ್ಲಿ ಇಲ್ವಲ್ಲಮ್ಮ?" ಎಂದರು.

"ಅದಕ್ಕೆ ಒಪ್ಪಿಗೆ ಸಿಗಲಿಲ್ಲ ಸಾರ್."

"ಯಾರ ಒಪ್ಪಿಗೆ?"

ನಾನು ಬಾಗಿಲ ಕಡೆ ನೋಡಿದೆ. ಬಾಗಿಲ ಗಾಜಿನಲ್ಲಿ ಅಮ್ಮನ ತಲೆ ಕಾಣುತ್ತಿತ್ತು. ಸರ್ ಅವಳನ್ನು ಕರೆಯಲು ಬಾಗಿಲ ಕಡೆ ಹೊರಟರು.

"ಬ್ಯಾಡ ಬಿಡ್ರಿ, ಇನ್ನೇನ್ ಕೇಳೋದೈತಿ ಅವರನ್ನ" ಎಂದರು ಮೇಡಂ.

ಜೂನ್ 28, ಶನಿವಾರ

ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ. ಏಳನೆಯದು. ಮೂರು ಸಲ ನೋಡಿದೆ.

ಅಪ್ಪ ಐದು ದಿನದಿಂದ ಅಮ್ಮನ ಹತ್ತಿರ ಸರಿಯಾಗಿ ಮಾತಾಡಿಲ್ಲ. ಇವತ್ತು ಸಂಜೆ ಮಾತ್ರ ಹಾಲಿನಂಗಡಿಯಲ್ಲಿ ನಿಂತು, "ಮಗಳು ಡಿಗ್ರಿಗೆ ಸೇರ್ತಿದಾಳೆ, ಇಷ್ಟು ದಿನ ಅವಳಮ್ಮಂಗೆ ಹುಷಾರಿರ್ಲಿಲ್ಲ, ನೋಡ್ಕೊಂಡ್ಲು" ಎಂದರಂತೆ. ತಹಶೀಲ್ದಾರಿಕೆ ಹೋಯಿತು.

ಸ್ಪಂದನ ಗೇಟಿನವರೆಗೆ ಬಂದಿದ್ದಳು. ಫೈಲು ಅಳಿಸಿದ್ದೇನೆ, ನೀನೇ ಬಂದು ನೋಡು ಎಂದಳು.

"ಹನ್ನೊಂದು ಜನರ ಮನೇಲಿರೋದು?"

ಅವಳು ಗೇಟಿನ ಚಿಲಕ ಹಿಡಿದು, "ಆ ಅಮರೇಶಂಗೆ ಕೊಡ್ಲಿಲ್ಲ ಕಣೇ. ಅವನದ್ದೇ ಹೇಳು ಅಂದೆ. ಎರಡು ಗಂಟೆ ಹೇಳಿದ" ಎಂದಳು.

"ಅದನ್ನಾದ್ರೂ ಡಿಲೀಟ್ ಮಾಡಿದ್ಯಾ?"

ಹೂಂ ಎಂದು ತಲೆಯಾಡಿಸಿದಳು. ಒಳಗಿನಿಂದ ಅಮ್ಮ "ಯಾರೇ ಅದು, ಸ್ಪಂದನಾನಾ? ಒಳಗೆ ಕರಿ" ಎಂದು ಕೂಗಿದಳು. ನಾನು ಕರೆಯಲಿಲ್ಲ. ನನಗೆ ಇನ್ನೂ ಆಗುವುದಿಲ್ಲ. ನೋವು ನೋವೇ. ಅವಳು ಹೋಗುವುದನ್ನು ಮಾತ್ರ ತಿರುವಿನವರೆಗೆ ನೋಡಿದೆ.

ಜುಲೈ 14, ಸೋಮವಾರ

ಮೆಟ್ರೊದಲ್ಲಿ ಕೂತು ಬರೆಯುತ್ತಿದ್ದೇನೆ. ಇವತ್ತು ಮೊದಲ ತರಗತಿ.

ಹೊರಡುವ ಮೊದಲು ಕೊಡೆ ಹುಡುಕುತ್ತಾ ಅಡುಗೆಮನೆಯ ಬಾಗಿಲ ಹಿಂದೆ ಕೈ ಹಾಕಿದೆ. ಕ್ಯಾಲೆಂಡರು ಕೆಳಗೆ ಬಿತ್ತು. ಎತ್ತಿ ತಗುಲಿಸುವಾಗ ಜೂನ್ ತಿಂಗಳ ಹಾಳೆ ತೆರೆದುಕೊಂಡಿತು. ಹನ್ನೊಂದು, ಹನ್ನೆರಡು, ಹದಿಮೂರು, ಸಾಲಾಗಿ ಗುರುತು. ನಮ್ಮಲ್ಲಿ ನೀರು ಬಿಡುವುದು ದಿನ ಬಿಟ್ಟು ದಿನ, ಮೂರು ದಿನ ಒಟ್ಟಿಗೆ ಯಾವತ್ತು ಬಿಟ್ಟಿದ್ದಾರೆ ಎಂದುಕೊಂಡು ಹತ್ತಿರ ಹಿಡಿದು ನೋಡಿದೆ. ಅಡ್ಡಗೀಟುಗಳು. ಹತ್ತೊಂಬತ್ತರವರೆಗೂ ಅಡ್ಡಗೀಟು. ಇಪ್ಪತ್ತಕ್ಕೆ ಒಂದು ಸೊನ್ನೆ.

ಅಮ್ಮ ಒಲೆಯ ಕಡೆ ತಿರುಗಿಕೊಂಡು ನನ್ನ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು. ನಾನು ನೋಡಿದ್ದು ಅವಳಿಗೆ ಗೊತ್ತಾಯಿತೋ ಇಲ್ಲವೋ.

ಜುಲೈ ಹಾಳೆ ತಿರುವಿದೆ. ಎಲ್ಲ ಸೊನ್ನೆಗಳೇ. ಇವತ್ತಿನ ತಾರೀಖಿನ ಚೌಕದಲ್ಲಿ ಮಾತ್ರ ದಪ್ಪಗೆ ಒಂದು ಚುಕ್ಕೆ. ನಾನಿನ್ನೂ ಚಪ್ಪಲಿ ಮೆಟ್ಟಿರಲಿಲ್ಲ.